ಸೆಗಾವಾ ತೊಯೊಕೊ ಬರೆದ ತಪ್ಪೊಪ್ಪಿಗೆ

ನಗೋಯಾದಲ್ಲಿ ನಮ್ಮ ಇಪ್ಪತ್ತೇಳು ಮಹಡಿಯ ಆಫೀಸು ಕಟ್ಟಿದವನಿಗೆ ಬುದ್ಧಿ ಇತ್ತೋ ಇಲ್ಲವೋ, ಕಾಣೆ. ಗೋಡೆ ಗಾಜು, ಮೆಟ್ಟಿಲು ಗಾಜು, ಕೊನೆಗೆ ಲಿಫ್ಟಿನ ಬಾಗಿಲೂ ಗಾಜು. ಬೇಸಿಗೆಯಲ್ಲಿ ಒಳಗೆ ಕೂತು ಬೇಯುವವರು ನಾವು.

ಹತ್ತೊಂಬತ್ತನೇ ಮಹಡಿಯಲ್ಲಿ ಅತಿಥಿಗಳನ್ನು ನೋಡಿಕೊಳ್ಳುತ್ತಿದ್ದವರು ಸೆಗಾವಾ ತೊಯೊಕೊ. ಗಂಡ ತೀರಿಕೊಂಡ ಮೇಲೆ ಸೇರಿ ಮೂವತ್ತೊಂದು ವರ್ಷ ದುಡಿದವರು. ಅವರ ಕಡತದಲ್ಲಿ ಒಂದೇ ಒಂದು ತಪ್ಪೊಪ್ಪಿಗೆ ಪತ್ರವೂ ಇರಲಿಲ್ಲ. ನಿವೃತ್ತಿಗೆ ಎರಡು ವರ್ಷವಿತ್ತು, ಹಾಗೇ ಮುಗಿಸಬೇಕೆಂಬುದೊಂದೇ ಹಟ. ಬಾಯಿ ಮಾತ್ರ ಜೋರು. "ಏನಪ್ಪಾ ನಿನ್ ಟೈ, ಒಣಮೀನು ನೇತು ಹಾಕ್ದಂಗಿದೆ!" ಎಂದು ನನಗೆ ದಿನಾ ಮಂಗಳಾರತಿ.

ಅತಿಥಿ ಹೊರಟಾಗ ಲಿಫ್ಟಿನ ಬಾಗಿಲು ಮುಚ್ಚುವವರೆಗೆ ಸೊಂಟ ಬಾಗಿಸಿ ನಿಲ್ಲುವುದು ನಮ್ಮ ರೂಢಿ. ಹಳೇ ಕಟ್ಟಡದ ಉಕ್ಕಿನ ಬಾಗಿಲು ಕೂಡಿದ ಮೇಲೆ ಯಾರು ಏನು ಮಾಡಿದರೂ ಒಳಗಿದ್ದವರಿಗೆ ಕಾಣುತ್ತಿರಲಿಲ್ಲ. ಹೊಸ ಕಟ್ಟಡಕ್ಕೆ ಬಂದು ವಾರವೂ ಆಗಿರಲಿಲ್ಲ. ನಮ್ಮ ಮ್ಯಾನೇಜರ್ ಕುರೋಸು, ಆ ಅವಿವೇಕಿ, ಕುಂಟುತ್ತಾ ನಡೆಯುವ ಹಳೇ ಗಿರಾಕಿ ಇವಾಸೆಯವರನ್ನು ಬಾಗಿ ಬೀಳ್ಕೊಟ್ಟ. ಬಾಗಿಲು ಕೂಡಿದ್ದೇ ತಡ, ಅವರಂತೆಯೇ ಕುಂಟಿ ತೋರಿಸಿ ನಕ್ಕ. ಇವಾಸೆ ಗಾಜಿನೊಳಗಿಂದ ನೋಡುತ್ತಲೇ ಇದ್ದರು. ಸೆಗಾವಾ ಮಾತ್ರ ಇನ್ನೂ ಬಾಗಿಯೇ ಇದ್ದರು.

ಮಧ್ಯಾಹ್ನ ನಿರ್ದೇಶಕರಿಗೇ ಇವಾಸೆಯವರ ಫೋನ್ ಬಂತು, ನಿಮ್ಮಲ್ಲಿ ನನಗೆ ಅವಮಾನವಾಯಿತು ಎಂದು. ಮರ್ಯಾದಸ್ಥರು, ಅವಮಾನ ಮಾಡಿದವನ ಹೆಸರು ಹೇಳಲಿಲ್ಲ.

"ಸೆಗಾವಾ ಸಾನ್, ಅತಿಥಿಗಳ ಜವಾಬ್ದಾರಿ ನಿಮ್ದಲ್ವಾ? ತಪ್ಪೊಪ್ಪಿಗೆ ಬರ್ದುಬಿಡಿ," ಎಂದ ಕುರೋಸು.

"ಕುಂಟಿದ್ದು ನೀವು, ಬರಿಯೋದು ನಾನಾ?"

"ಉಳಿದ ಎರಡು ವರ್ಷ ನೆಮ್ಮದಿಯಾಗಿ ಕಳೀಬೇಕೋ ಬೇಡ್ವೋ?"

ಥೂ! ಪಕ್ಕದ ಮೇಜಿನಲ್ಲಿದ್ದ ನಾನು ಅವನು ಕುಂಟಿದ್ದನ್ನೂ ಕಂಡಿದ್ದೆ. ಬಾಯಿ ಬಿಡಲಿಲ್ಲ.

ಸೆಗಾವಾ ಬರೆದರು. ಪತ್ರ ಮೇಲೆ ಹೋಗಲು ಮ್ಯಾನೇಜರನ ಮುದ್ರೆ ಬೇಕು. ಆದರೆ ಕುರೋಸು ಯಾವ ಕಾಗದವನ್ನೂ ಓದಿ ಮುದ್ರೆ ಒತ್ತಿದವನಲ್ಲ. 'ತಪ್ಪೊಪ್ಪಿಗೆ' ಎಂಬ ತಲೆಬರಹ ನೋಡಿದ, ಒತ್ತಿದ. ಒಳಗಿದ್ದದ್ದು ಇಷ್ಟು: "ಬಾಗಿದ್ದ ನನಗೆ ಮ್ಯಾನೇಜರ್ ಕುರೋಸು ಅವರ ಕಾಲುಗಳು ಮಾತ್ರ ಕಂಡವು. ಇವಾಸೆಯವರಂತೆ ಕುಂಟಿದ್ದು ಆ ಕಾಲುಗಳೇ. ತಡೆಯದಿದ್ದದ್ದು ನನ್ನ ತಪ್ಪು."

ಕುರೋಸುವನ್ನು ಊರಾಚೆಯ ಗೋದಾಮಿಗೆ ಎತ್ತಿಹಾಕಿದರು. ಆದರೆ ಮೇಲಿನವನನ್ನು ಹಿಡಿದುಕೊಟ್ಟ ಹೆಂಗಸನ್ನು ನಮ್ಮ ಜನ ಬಿಟ್ಟಾರೆಯೇ? ಎರಡು ವರ್ಷ ಯಾರೂ ಅವರನ್ನು ಮಾತಾಡಿಸಲಿಲ್ಲ. ನಾನೂ ಮಾತಾಡಿಸಲಿಲ್ಲ.

ಅವರ ಕೊನೆಯ ದಿನ, ಚಹಾ ಕೋಣೆಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದೆ: "ಸೆಗಾವಾ ಸಾನ್, ಅವತ್ತು ನಾನೂ ನೋಡಿದ್ದೆ."

"ಗೊತ್ತು ಕಣಪ್ಪಾ. ಆ ಪತ್ರದಲ್ಲಿ ಸಾಕ್ಷಿ ಅಂತ ನಿನ್ ಹೆಸ್ರು ಬರ್ದಿದ್ದೆ. ಆಮೇಲೆ ಪಾಪ ಅನ್ನಿಸ್ತು, ಹೊಡೆದುಹಾಕ್ದೆ."