ಮಲಪ್ರಭೆಯ ದಂಡೆಯ ಜರ್ಮನ್ ಮಾಸ್ತರರು

ಮಳೆ ಸ್ವಲ್ಪ ಹೊತ್ತು ಬಿಡುವು ಕೊಟ್ಟಿದೆ. ಖಾನಾಪುರದಲ್ಲಿ ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಾಳೆ. ಅಕ್ಷರ ಕಾಣುವಷ್ಟು ಬೆಳಕಾಗುವುದನ್ನೇ ಕಾಯುತ್ತಿದ್ದ ಒಬ್ಬರು ದಂಡೆಯ ಮೇಲಿನ ಮೆಟ್ಟಿಲಲ್ಲಿ ನಿಂತು, ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಪುಸ್ತಕ ತೆರೆಯುತ್ತಾರೆ. ತಲೆಗೆ ರುಮಾಲು, ಮುಚ್ಚುಕೊರಳಿನ ಕೋಟು, ಕಚ್ಚೆ ಧೋತರ. ಬಾಯಲ್ಲಿ ಜರ್ಮನ್ ಭಾಷೆ. ಬಟ್ಟೆ ಒಗೆಯಲು ಬಂದ ಹೆಂಗಸರು ತಲೆ ಎತ್ತಿಯೂ ನೋಡುವುದಿಲ್ಲ, ಅವರಿಗೆ ಇದು ರೂಢಿಯಾಗಿದೆ. ಇವರನ್ನು ಕಂಡು ಬರೆಯಲೆಂದು ಬಂದ ನನಗಂತೂ ಇದು ಹೊಸದು. ಬೆಳ್ಳಂಬೆಳಗ್ಗೆ ಹೊಳೆಗೆ ಎದುರಾಗಿ ನಿಂತು ಪರದೇಶದ ಮಾತಿನಲ್ಲಿ ಏನನ್ನೋ ಕೇಳಿ, ಉತ್ತರಕ್ಕೆ ಕಾಯುವವರಂತೆ ಸುಮ್ಮನಾಗುವ ಮನುಷ್ಯರನ್ನು ನಾನು ಈ ಮೊದಲು ಕಂಡಿಲ್ಲ.

ಇವರು ಭೀಮಗೊಂಡ ಚೌಗುಲೆ. ಖಾನಾಪುರದಿಂದ ದಿನಾ ಗಾಡಿಯಲ್ಲಿ ಹೋಗಿಬರುತ್ತ ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಸಂಸ್ಕೃತ ಮಾಸ್ತರರು, ವಯಸ್ಸು ನಲವತ್ತು ದಾಟಿದೆ. ದೀಪಾವಳಿ ಕಳೆದ ಮೇಲೆ ಮುಂಬಯಿಗೆ ಹೋಗಿ, ಜರ್ಮನ್ ಭಾಷೆ ಮತ್ತು ಆ ನಾಡಿನ ಸಂಸ್ಕೃತಿಯ ಎಂ.ಎ. ಪರೀಕ್ಷೆಗೆ ಎರಡನೆಯ ಸಲ ಕೂಡಲಿದ್ದಾರೆ. ಗುರುಗಳಿಲ್ಲ, ಸಹಪಾಠಿಗಳಿಲ್ಲ. ಬೆಳಗಾವಿಯಿಂದ ಈ ಹೊಳೆ ಹುಟ್ಟುವ ಕಣಕುಂಬಿಯವರೆಗೆ ಜಾಲಾಡಿದರೂ ಇವರೊಡನೆ ಆ ಭಾಷೆಯಲ್ಲಿ ಎರಡು ಮಾತಾಡುವ ಒಂದು ಜೀವ ಸಿಗುವುದಿಲ್ಲ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಒಂದೇ ಸಂತೆಯಲ್ಲಿ ಕಲಸಿಹೋಗುವ ಸೀಮೆಯಲ್ಲಿ ಇವರದು ಮೂಕನ ಬಾಳು.

ಈ ಗೀಳು ಹತ್ತಿದ್ದು ಬಸದಿಯಲ್ಲಂತೆ. ಪುಣೆಯಲ್ಲಿ ಸಂಸ್ಕೃತದ ಬಿ.ಎ. ಮುಗಿಸಿ ಬಂದ ಹೊಸತರಲ್ಲಿ, ಬೆಳಗಾವಿ ಕೋಟೆಯೊಳಗಿನ ಬಸದಿಗೆ ಬಂದಿದ್ದ ಪಂಡಿತರೊಬ್ಬರು, ಜೈನರ ಪ್ರಾಕೃತ ಗ್ರಂಥಗಳನ್ನು ಜರ್ಮನಿಯ ವಿದ್ವಾಂಸರು ಅಚ್ಚು ಹಾಕಿಸಿ ಉದ್ದುದ್ದ ಟಿಪ್ಪಣಿ ಬರೆದಿದ್ದಾರೆಂದು ಹೇಳಿದರು. "ನಮ್ಮ ಮನಿ ಮಾತು ಅಷ್ಟು ದೂರ ಕುಂತಾವ್ರು ಏನಂತ ಬರದಾರ, ನೋಡಬೇಕು ಅನಿಸ್ತ್ರಿ. ಮದಲ ಅಷ್ಟ ಇತ್ತು ಆಸೆ," ಎನ್ನುತ್ತಾರೆ ಮಾಸ್ತರರು.

ಆದರೆ ಕಲಿಸುವವರು ಯಾರು? ಧಾರವಾಡದ ಕಡೆಯಿದ್ದ ಜರ್ಮನ್ ಪಾದ್ರಿಗಳನ್ನು ಮಹಾಯುದ್ಧದ ಕಾಲದಲ್ಲಿ ಸರಕಾರ ಹಿಡಿದು ಸಾಗಿಸಿತ್ತು. ಅವರಲ್ಲೊಬ್ಬರ ಮನೆಸಾಮಾನು ಹರಾಜಿಗೆ ಬಂತು. ಕುರ್ಚಿ, ಮೇಜು, ಪಿಂಗಾಣಿ ಬಸಿಗಳಿಗೆ ಕೂಗು ಬಿತ್ತು. ಪುಸ್ತಕದ ಪೆಟ್ಟಿಗೆಯನ್ನು ಯಾರೂ ಕೇಳಲಿಲ್ಲ. ಅದನ್ನು ಭೀಮಗೊಂಡರು ಹೊತ್ತು ತಂದರು. ಒಂದು ವ್ಯಾಕರಣ, ಒಂದು ಕೋಶ, ಕೆಲವು ಕಥೆ ಪುಸ್ತಕ, ಜರ್ಮನಿಯ ಒಂದು ಊರಿನ ನಕ್ಷೆ. ಮಾತಾಡುವವರು ಹೋದ ಮೇಲೆ ಮಾತು ಇವರ ಕೈಗೆ ಬಂತು.

ನಕ್ಷೆಯಲ್ಲಿದ್ದ ಊರು ಈಗ ಇವರಿಗೆ ಬಾಯಿಪಾಠ. ಯಾವ ಸೇತುವೆ ದಾಟಿದರೆ ಮಾರುಕಟ್ಟೆ, ಯಾವ ಓಣಿ ಹಿಡಿದರೆ ವಿದ್ಯಾಪೀಠ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಮೂರು ವರ್ಷದ ಹಿಂದೆ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ನೀರು ಕೊಡುವ ಸ್ವಯಂಸೇವಕರಾಗಿ ನಿಂತದ್ದೂ ಬರೀ ದೇಶಭಕ್ತಿಯಿಂದಲ್ಲ. ಪರದೇಶದವರು ಯಾರಾದರೂ ಬಂದಾರು, ಒಂದು ಮಾತು ಕಿವಿಗೆ ಬಿದ್ದೀತು ಎಂಬ ಆಸೆ. "ದೇಶದ್ದು ಎಲ್ಲಾ ಭಾಷಾ ಕೇಳಿದೆ ನೋಡ್ರಿ, ಅದೊಂದು ಬಿಟ್ಟು," ಎಂದು ನಗುತ್ತಾರೆ. ನನಗೆ ಜೊತೆಗೆ ನಗಲಾಗಲಿಲ್ಲ.

ಇನ್ನು ಇವರ ಓದಿನ ಕ್ರಮವೇ ಬೇರೆ. ಮಳೆಗಾಲದ ನಾಲ್ಕು ತಿಂಗಳು ಈ ಜೈನರ ಮನೆಯಲ್ಲಿ ದೀಪ ಹಚ್ಚುವುದಿಲ್ಲ. ಬೆಳಕಿಗೆ ಬಂದ ಹುಳ ಸುಟ್ಟು ಸತ್ತರೆ ಪಾಪ. ಹೊತ್ತು ಮುಳುಗುವ ಮೊದಲೇ ಊಟ, ಆಮೇಲೆ ಕತ್ತಲು. ಪರೀಕ್ಷೆಯೋ ಸರಿಯಾಗಿ ಈ ನಾಲ್ಕು ತಿಂಗಳ ಬೆನ್ನಿಗೇ ಬರುತ್ತದೆ. ಒಂದು ಕಂದೀಲು ಹಚ್ಚಿಕೊಂಡರೆ ಏನು ಮುಳುಗಿಹೋಗುತ್ತದೆ ಎಂದು ನಾನು ಕೇಳಿಯೇ ಬಿಟ್ಟೆ. "ನನ್ನ ಪರೀಕ್ಷಾ ಸಲುವಾಗಿ ಅವು ಯಾಕ ಸಾಯಬೇಕ್ರಿ?" ಎಂದರು.

ಹೀಗಾಗಿ ಬೆಳಗಿನಲ್ಲಿ ಓದಿದ್ದನ್ನು ಕತ್ತಲಾದ ಮೇಲೆ ಬಾಯಿಂದ ಹೇಳಿಕೊಳ್ಳುವುದೇ ಅಭ್ಯಾಸ. ಪುಸ್ತಕ ಎದುರಿಗಿಲ್ಲದಾಗ ಮಾತು ಜಾರಿಹೋಗದಿರಲು ಒಂದು ಧಾಟಿ ಬೇಕು. ಚಿಕ್ಕಂದಿನಿಂದ ಇವರಿಗೆ ಬರುವ ಧಾಟಿ ಒಂದೇ, ಬಸದಿಯಲ್ಲಿ ಸ್ತೋತ್ರ ಹೇಳುವುದು. ವರ್ಷಗಟ್ಟಲೆ ಇವರು ಜರ್ಮನ್ ಭಾಷೆಯನ್ನು ಸ್ತೋತ್ರದ ಹಾಗೆ ಎಳೆದು, ಏರಿಸಿ, ಇಳಿಸಿ ಕಲಿತರು. ತಪ್ಪು ಎಂದು ಹೇಳಲು ಪಕ್ಕದಲ್ಲಿ ಯಾರಿದ್ದರು? ಮನೆ ನೋಡಿಕೊಳ್ಳುವ ಅಕ್ಕ ಅಕ್ಕಾತಾಯಿ ವಿಧವೆ. ಅವರು ಹೇಳುತ್ತಾರೆ: "ನಾ ಬಾಜೂಕ ಕೈ ಮುಗದು ಕುಂದರ್ತಿದ್ನಿರಿ. ಜಿನದೇವರದ ಏನೋ ಹೇಳಾಕತ್ತಾನ ಅಂತ ತಿಳದಿದ್ದೆ."

ತಪ್ಪು ಬಯಲಾದದ್ದು ಖಾನಾಪುರ ಸ್ಟೇಷನ್ನಿನಲ್ಲಿ, ಹೋದ ವರ್ಷದ ಬೇಸಿಗೆಯಲ್ಲಿ. ಪಾದ್ರಿಗಳು ಆಗ ಒಬ್ಬೊಬ್ಬರಾಗಿ ಮರಳುತ್ತಿದ್ದರು. ಅವರಲ್ಲೊಬ್ಬರು ಲೋಂಡಾ ಜಂಕ್ಷನ್ನಿನಲ್ಲಿ ಬೆಳಗಾವಿಯ ಗಾಡಿ ಹತ್ತಿದ್ದಾರೆ ಎಂಬ ಸುದ್ದಿ ಹಮಾಲ ಮಾಯಪ್ಪನಿಗೆ ಮುಟ್ಟಿತು. ಅವನು ಮಾಸ್ತರರಿಗೆ ಮುಟ್ಟಿಸಿದ. ಮುಂದಿನದನ್ನು ಅವನ ಬಾಯಲ್ಲೇ ಕೇಳಿ: "ಮಾಸ್ತರ ಓಡಿಕೋತ ಬಂದ್ರು. ಡಬ್ಬಿ ಕಿಡಕಿ ಮುಂದ ನಿಂತು, ಕಣ್ಣ ಮುಚ್ಚಿ, ಚಾಲೂ ಮಾಡಿದ್ರು. ಸಾಹೇಬ ಎದ್ದು ನಿಂತು ಟೊಪಗಿ ತಗದು ತಲಿ ಬಗ್ಗಿಸಿದ. ಮುಗಿದ ಮ್ಯಾಲ ಎರಡೂ ಕೈ ಜೋಡಿಸಿ, ದೇವರು ನಿಮಗ ಛಲೋ ಮಾಡ್ಲಿ ಅಂತ ಕನ್ನಡದಾಗ ಅಂದ. ಗಾಡಿ ಬಿಡ್ತು."

ಮಾಸ್ತರರು ಆ ದಿನ ಹೇಳಿದ್ದರ ಅರ್ಥವನ್ನು ಅವರಿಂದಲೇ ಕೇಳಿ ತಿಳಿದೆ. 'ತಮಗೆ ಸ್ವಾಗತ. ನಾನು ತಮ್ಮ ಭಾಷೆಯನ್ನು ಕಲಿತಿದ್ದೇನೆ. ದಯವಿಟ್ಟು ನನ್ನೊಡನೆ ಮಾತಾಡಿ.' ಪಾದ್ರಿ ಸಾಹೇಬರು ಅದನ್ನು ಇಲ್ಲಿಯ ಯಾವುದೋ ಪ್ರಾರ್ಥನೆ ಎಂದು ತಿಳಿದಿದ್ದರು. ಗಾಡಿ ಮರೆಯಾದ ಮೇಲೂ ಮಾಸ್ತರರು ಪ್ಲಾಟ್‌ಫಾರ್ಮಿನ ಮೇಲೆ ಬಹಳ ಹೊತ್ತು ನಿಂತೇ ಇದ್ದರಂತೆ. "ನಾ ಹೋಗಿ ಕೈ ಹಿಡದ ಮ್ಯಾಲ ಹೊಳ್ಳಿದ್ರು," ಎಂದ ಮಾಯಪ್ಪ.

ಅದೇ ವರ್ಷ ಪರೀಕ್ಷೆ. ಬರೆದ ಪತ್ರಿಕೆಗಳಲ್ಲಿ ಒಳ್ಳೆಯ ಅಂಕಗಳೇ ಬಂದವು. ಮೌಖಿಕಕ್ಕೆ ಬಾಯಿ ತೆರೆದಾಗ ಬಿಡಬೇಕೆಂದರೂ ಬಿಡದೆ ಆ ಧಾಟಿಯೇ ಬಂತು. ಪರೀಕ್ಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಳಿದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಕೇಳಿ ಕಳಿಸಿದರು. ನಪಾಸು.

ಈ ಸಲ ಮಾಸ್ತರರು ಕೂತು ಒಪ್ಪಿಸುವುದನ್ನು ಬಿಟ್ಟಿದ್ದಾರೆ. ಸ್ತೋತ್ರ ಹತ್ತಿರ ಸುಳಿಯಬಾರದೆಂದು ನಿಂತು, ನಡೆಯುತ್ತ, ಎದುರಿಗೆ ಒಬ್ಬರಿದ್ದಾರೆಂದು ಬಗೆದು ಮಾತಾಡುತ್ತಾರೆ. ಹೊಳೆಯ ಸರದಿ ಮುಗಿದರೆ ಅಡಿಗೆಮನೆಯ ಸರದಿ. "ಏನೋ ಕೇಳ್ತಾನ, ನನಗೇನ ತಿಳೀಬೇಕು? ಹಸದಿರಬೇಕು ಅಂತ ಇನ್ನೊಂದು ರೊಟ್ಟಿ ಹಾಕ್ತೀನ್ರಿ," ಎನ್ನುತ್ತಾರೆ ಅಕ್ಕಾತಾಯಿ. ಸಣ್ಣ ವಾಕ್ಯಗಳು ಈಗ ಮಾತಿನ ಹಾಗೆ ಬರುತ್ತವೆ. ವಾಕ್ಯ ಉದ್ದವಾದರೆ ಧಾಟಿ ತಾನಾಗಿ ನುಸುಳುತ್ತದೆ. ಆ ಧಾಟಿಯನ್ನು ತಡೆದರೆ ಮಾತೇ ಮರೆಯುತ್ತದೆ. ಇವತ್ತು ಮೆಟ್ಟಿಲ ಮೇಲೆ ಎರಡು ಸಲ ಹಾಗಾಗಿ ಅವರು ಹಣೆ ಒರೆಸಿಕೊಂಡದ್ದನ್ನು ನಾನೇ ನೋಡಿದೆ.

ಇದಕ್ಕೆ ಸುಲಭದ ದಾರಿ ಇಲ್ಲದಿಲ್ಲ. ಶಾಲೆಯ ಹೆಡ್‌ಮಾಸ್ತರ ಬಾಪುಸಾಹೇಬರಿಗೆ ಮುಂಬಯಿಯಲ್ಲಿ ದೊಡ್ಡವರ ಒಡನಾಟವಿದೆ. "ಮೌಖಿಕ ಮಾಫ ಮಾಡಸ್ತೀನಿ, ಬರೇ ಅರ್ಜಿಗೆ ಸಹಿ ಹಾಕು ಅಂತ ಹೇಳೇನ್ರಿ," ಎನ್ನುತ್ತಾರೆ ಅವರು. "ಕಾಗದದ ಮ್ಯಾಲ ಆಂವ ಹುಲಿ. ಪಾಸಾದ್ರ ಕೊಲ್ಲಾಪುರದಾಗ ಪ್ರಾಕೃತ ಕಲಿಸೂ ಜಾಗಾ ಕಾದೈತಿ, ಜರ್ಮನ್ ಟಿಪ್ಪಣಿ ಓದಾಕ ಬರಾವ್ರ ಬೇಕಂತ ಅಲ್ಲಿ. ಈ ವರ್ಷ ತಪ್ಪಿದ್ರ ಅದು ಬ್ಯಾರೇದವ್ರ ಪಾಲು. ಒಲ್ಲೆ ಅಂತಾನ. ಇಂಥಾ ಹಟಮಾರಿನ್ನ ನಾ ನೋಡಿಲ್ಲ ಖರೇ."

ಪುಸ್ತಕ ಕೋಟಿನೊಳಗೆ ಸೇರುತ್ತದೆ. ಬೆಳಗಾವಿಯ ಗಾಡಿಗೆ ಹೊತ್ತಾಗಿದೆ. ಸ್ಟೇಷನ್ನಿನ ದಾರಿಯಲ್ಲಿ ನಾನೂ ಬಾಪುಸಾಹೇಬರ ಪಕ್ಷವನ್ನೇ ಹಿಡಿಯುತ್ತೇನೆ. ಬೇಕಾಗಿದ್ದ ಗ್ರಂಥಗಳನ್ನೆಲ್ಲ ಓದಿದ್ದಾಯಿತು, ಬಯಸಿದ ಕೆಲಸ ಬಾಗಿಲಿಗೆ ಬಂದಿದೆ, ಒಂದು ಸಹಿಗೆ ಯಾಕೆ ಇಷ್ಟು ಬಿಗುಮಾನ ಎಂದು ಕೇಳುತ್ತೇನೆ. ಅಷ್ಟರಲ್ಲಿ ಮಳೆ ಮತ್ತೆ ಹಿಡಿಯುತ್ತದೆ. ಮಾಸ್ತರರು ಕೊಡೆ ಬಿಚ್ಚಿ ಅರ್ಧ ನನಗೂ ಹಿಡಿಯುತ್ತಾರೆ. ಕೊಡೆಯ ಮೇಲಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದೇ ಕಷ್ಟ.

"ಈ ಮಳಿ ಸಪ್ಪಳ ಕೇಳ್ರಿ," ಎನ್ನುತ್ತಾರೆ. "ಅವರ ನಾಡಿನ್ಯಾಗ ಹಿಮಾ ಬೀಳತೈತಿ. ಬೀಳೂ ಮುಂದ ಸಪ್ಪಳ ಆಗತೈತೋ ಇಲ್ಲೋ, ನನ್ನ ಯಾ ಪುಸ್ತಕದಾಗೂ ಬರದಿಲ್ಲ. ಪರೀಕ್ಷಾ ತಗೊಳ್ಳಾವ್ರು ಅಲ್ಲಿ ಇದ್ದು ಬಂದಾವ್ರು. ಅವರು ಕೇಳೂದೆಲ್ಲಾ ಕೇಳಿ ಮುಗಸ್ಲಿ. ಆಮ್ಯಾಲ ನಾ ಇದೊಂದು ಕೇಳಾವ ಅದೀನಿ."

ಅಷ್ಟು ಹೇಳಿ, ಕೊಡೆಯನ್ನು ನನ್ನ ಕಡೆಗೆ ಇನ್ನಷ್ಟು ವಾಲಿಸುತ್ತಾರೆ.

"ಪಾಸ ಮಾಡ್ಲಿ, ನಪಾಸ ಮಾಡ್ಲಿ. ಸಪ್ಪಳ ಆಗತೈತಿ ಅನ್ಲಿ, ಆಗೂದಿಲ್ಲ ಅನ್ಲಿ. ಅವರ ಭಾಷಾದಾಗ ನನಗ ಹೇಳಿದ್ರ ಸಾಕ್ರಿ."