ಬಾಣಂತಿ ಕೋಣೆಯ ಹೆಂಚು ತೆಗೆದವರು

ಮಧ್ಯಾಹ್ನ ಮೂರೂ ಕಾಲಿಗೆ ಮಗು ಹಾಲು ಕುಡಿಯುವುದನ್ನು ನಿಲ್ಲಿಸಿತು. ಕಾಲೇಜಿಗೆ ಕಟ್ಟಿಕೊಂಡು ಹೋಗುತ್ತಿದ್ದ ಕೈಗಡಿಯಾರ ದಿಂಬಿನಡಿ ಇತ್ತು, ಅದಕ್ಕೇ ಹೊತ್ತು ಇಷ್ಟು ಸರಿಯಾಗಿ ನೆನಪಿದೆ. ಹುಟ್ಟಿ ಹನ್ನೊಂದು ದಿನದ ಹೆಣ್ಣುಮಗು. ಪಕ್ಕೆಗಳು ಒಳಕ್ಕೆ ಸೆಳೆಯುತ್ತಿದ್ದವು, ಒಂದೊಂದು ಉಸಿರಿಗೂ ನರಳಿಕೆ. ಆಗಲೇ ಸೂರಿನಲ್ಲಿ ಒಂದು ನಾಡಹೆಂಚು ಸರಿದು, ಉಗುರಿನವರೆಗೂ ಮಸಿ ಮೆತ್ತಿದ ನಾಲ್ಕು ಬೆರಳು ಒಳಗೆ ಬಂದವು.

ಅವರು ನಮ್ಮ ಹೆಂಚಿನಜ್ಜ. ಐವತ್ತರ ದಶಕದಲ್ಲಿ ಕಂಪಲಾಪುರದಿಂದ ಹನಗೋಡಿನವರೆಗೆ, ಮಳೆಗಾಲಕ್ಕೆ ಮುಂಚೆ ಮನೆಮನೆಯ ಹೆಂಚು ಕೈಯಾಡಿಸಿ, ಒಡೆದದ್ದು ಬದಲಿಸಿ ಮತ್ತೆ ಹೊದಿಸುತ್ತಿದ್ದವರು. ತೆಗೆದ ಹೆಂಚಿನ ಒಳಮೈಯ ಮಸಿಯನ್ನು ಬೆರಳಲ್ಲಿ ಕೆರೆದು ನೋಡಿ, "ಈ ಮನೇಲಿ ಕೆಮ್ಮೋರು ಯಾರವ್ವಾ?" ಎಂದು ಕೇಳುವುದು ಅವರ ರೂಢಿ. ಯಾರೂ ಇಲ್ಲ ಎಂದವರನ್ನು ನಾನು ಕಾಣೆ.

"ಎಲ್ಲಾರ ಮನೇಲೂ ಒಬ್ರು ಅವ್ರೆ ಕಣವ್ವ. ಎತ್ತು ಮಾರಿ ಮೈಸೂರು ಆಸ್ಪತ್ರೆಗೆ ಓಯ್ತಾರೆ. ಒಲೆ ಮೇಲೆ ಒಂದು ಕಿಂಡಿ ಬುಡಿ ಅಂದ್ರೆ ಮಳೆ ಬತ್ತದೆ ಅಂತಾರೆ," ಎಂದು ನಗಲು ಹೋಗಿ ಅವರೇ ಕೆಮ್ಮುತ್ತಿದ್ದರು. ಅವರ ಹೆಂಡತಿ ದಮ್ಮಿನಲ್ಲೇ ತೀರಿಕೊಂಡಿದ್ದರು.

ತಾಯಿಯಿಲ್ಲದ ನನಗೆ ಅತ್ತೆಯೇ ಬಾಣಂತನ ಮಾಡುತ್ತಿದ್ದರು, ಅಕ್ಕರೆಯಿಂದಲೇ. ಕಿಟಕಿಯಿಲ್ಲದ ಕೋಣೆ, ಬಾಗಿಲಿಗೆ ಕಂಬಳಿ, ಮಂಚದಡಿ ಕೆಂಡದ ಅಗ್ಗಿಷ್ಟಿಕೆ. ಅದಕ್ಕೆ ಹೊತ್ತುಹೊತ್ತಿಗೆ ಬೆಳ್ಳುಳ್ಳಿ ಸಿಪ್ಪೆ, ಓಮ, ಸಾಂಬ್ರಾಣಿ. ಮಗುವಿಗೆ ಶೀತವಾಗಬಾರದಲ್ಲ! ಅದು ಸೀನಿದರೆ ಇನ್ನಷ್ಟು ಹೊಗೆ. ಎಳೆಯ ಉಸಿರಿಗೆ ಹೊಗೆ ಆಗದೆಂದು ಓದಿ ತಿಳಿದಿದ್ದ ನಾನು ಬಾಯಿ ಮುಚ್ಚಿಕೊಂಡಿದ್ದೆ.

"ಕೂಸು ಯಾಕವ್ವ ಅಂಗೆ ಉಸಿರು ಬುಡ್ತದೆ?" ಎಂದು ಅಜ್ಜ ಮೇಲಿಂದ ಕೇಳಿದರು.

ಅತ್ತೆ ಓಡಿಬಂದರು. "ಲೇ ಮುದುಕಾ, ಬಾಣಂತಿ ಕ್ವಾಣೆ ಕಣೋ ಅದು! ಇಣುಕಕ್ಕೆ ನಾಚ್ಕೆ ಆಗಕಿಲ್ವಾ? ಮುಚ್ಚು, ಗಾಳಿ ಬತ್ತದೆ."

"ಬರ್ಲಿ ಅಂತ್ಲೇ ತೆಗ್ದಿರೋದು ಕಣ್ರವ್ವ."

ಇನ್ನೂ ನಾಲ್ಕು ಹೆಂಚು ತೆಗೆದಿಟ್ಟರು. ಹೊಗೆ ಮೇಲೇರಿ ಅವರನ್ನೇ ಕೆಮ್ಮಿಸಿತು. ಹೊರಗೆ ಮೋಡ ಕಟ್ಟಿತ್ತು. ಅಂಗಳದಿಂದ ಮಾವನವರ ಗದರಿಕೆ ಕೇಳಿಸಿತು.

"ಕೂಲಿ ಕೊಡಬ್ಯಾಡಿ ಗೌಡ್ರೆ, ಬೇಕಾದ್ರೆ ಬೈಯ್ರಿ. ಡಾಕ್ಟ್ರು ಬಂದು ಕೂಸು ನೋಡೋಗಂಟ ನಾನು ಹೆಂಚು ಮುಚ್ಚಕಿಲ್ಲ."

"ಇಳಿಯೋ ಕೆಳಕ್ಕೆ! ಇಲ್ದಿದ್ರೆ ನಾನೇ ಹತ್ತಿ ಬತ್ತೀನಿ!"

"ಎಂಗೆ ಬತ್ತೀರಿ? ಏಣಿನೂ ಮೇಲಕ್ಕೆ ಎಳ್ಕೊಂಡಿವ್ನಿ."

ಮಾವನವರು ಮಳೆಗೆ ಹೆದರಿದರೋ ಮಗುವಿನ ಜೀವಕ್ಕೆ ಹೆದರಿದರೋ ತಿಳಿಯದು. ನನ್ನ ಗಂಡನನ್ನು ಸೈಕಲ್ ಮೇಲೆ ಪಿರಿಯಾಪಟ್ಟಣಕ್ಕೆ ಅಟ್ಟಿದರು. ಬಾಡಿಗೆ ಕಾರಿನಲ್ಲಿ ಬಂದ ಡಾಕ್ಟರು ಮಗುವನ್ನು ಮುಟ್ಟುವ ಮೊದಲು ಅಗ್ಗಿಷ್ಟಿಕೆಯನ್ನು ಹೊರಗೆ ಹಾಕಿಸಿದರು. ನ್ಯುಮೋನಿಯಾ ಎಂದರು, ಪೆನಿಸಿಲಿನ್ ಸೂಜಿ ಚುಚ್ಚಿದರು, ಎಂಟು ದಿನ ಕೊಡಬೇಕೆಂದರು. ಡಾಕ್ಟರು ಕಾರು ಹತ್ತಿದ ಮೇಲೆಯೇ ಅಜ್ಜ ಹೆಂಚು ಹೊದಿಸಿದ್ದು. ಆಗಲೂ ಎರಡು ಹೆಂಚನ್ನು ಓರೆ ಮಾಡಿ, ನೀರು ಬೀಳದಂತೆ ಒಂದು ಕಿಂಡಿ ಬಿಟ್ಟೇ ಇಳಿದರು.

ಆ ಎಂಟು ದಿನದ ಸೂಜಿಮದ್ದಿಗೆ ನನ್ನ ಚಿನ್ನದ ಬಳೆಗಳು ಮಾರಿಹೋದವು. ದಿನವೂ ಸಂಜೆ ಅಜ್ಜ ಬಂದು ಜಗಲಿಯ ಕೆಳಗೇ ನಿಂತು, "ಹಾಲು ಕುಡೀತಾ?" ಎಂದಷ್ಟೇ ಕೇಳಿ ಹೋಗುತ್ತಿದ್ದರು.

ಮೂರು ವರ್ಷದ ಮೇಲೆ ಅವರ ಎದೆಯೇ ಕೆಟ್ಟಿತು. ಮೈಸೂರಿಗೆ ಕರೆದೊಯ್ಯಲು ಮಾವನವರೇ ಗಾಡಿ ಕಟ್ಟಿಸಿದರೆ, "ಮಳೆ ಬರೋಕೆ ಮುಂಚೆ ಇನ್ನೂ ಆರು ಮನೆ ಅವೆ ಗೌಡ್ರೆ" ಎಂದು ಗಾಡಿಯನ್ನು ಹಿಂದಕ್ಕೆ ಕಳಿಸಿಬಿಟ್ಟರು. ಆ ಆರು ಮನೆ ಮುಗಿಯುವ ಮೊದಲೇ ತೀರಿಹೋದರು. ನನ್ನ ಮಗಳು ಇಂದು ಬಿಡುತ್ತಿರುವ ಒಂದೊಂದು ಉಸಿರೂ ಅವರು ಕೊಡಿಸಿದ್ದು.

ಆಗ, ಎಂಟು ದಿನದ ಸೂಜಿಮದ್ದು ಮುಗಿದ ಮೇಲೆ, ಒಂಬತ್ತನೆಯ ರಾತ್ರಿ ಮಗು ಹೊಟ್ಟೆತುಂಬ ಕುಡಿದು ಮಲಗಿತು. ಅತ್ತೆ ಮಂಚದ ಪಕ್ಕ ಚಾಪೆ ಹಾಸಿಕೊಂಡು, "ನಾನೇ ಹೊಗೆ ಹಾಕ್ದೆ ಕಣವ್ವಾ," ಎಂದು ಅತ್ತರು.

"ಗೊತ್ತಿದ್ದೂ ನಾನು ಸುಮ್ಮನಿದ್ದೆ, ಅತ್ತೆ," ಎಂದೆ.

ಅತ್ತೆ ದೀಪ ಸಣ್ಣಗೆ ಮಾಡಿದರು, ಯಾವಾಗ ನಿದ್ದೆ ಹತ್ತಿತೋ ತಿಳಿಯದು. ಕಣ್ಣು ಬಿಟ್ಟಾಗ ಹೊರಗೆ ಹಾಲು ಕರೆಯುವ ಸದ್ದು. ಗಾಬರಿಯಿಂದ ಮಗುವಿನ ಎದೆ ಮುಟ್ಟಿದೆ. ಮೆಲ್ಲಗೆ, ಸದ್ದಿಲ್ಲದೆ ಏರಿಳಿಯುತ್ತಿತ್ತು. ಕೆಳಗೆ ಅತ್ತೆ ಇನ್ನೂ ಗೊರಕೆ ಹೊಡೆಯುತ್ತಿದ್ದರು.