ನನ್ನ ರಕ್ತದಲ್ಲಿ ಅಕ್ಕ

ನನ್ನೊಳಗೆ ಕೆಲಸ ಮಾಡುತ್ತಿರುವುದು ಅಕ್ಕನ ಕಿಡ್ನಿ. ಆರು ವರ್ಷದ ಹಿಂದೆ ಅವಳು ದೇವನಹಳ್ಳಿಯಿಂದ ದೆಹಲಿಗೆ ಬಂದು, ಅದನ್ನು ಕೊಟ್ಟು, ಇಲ್ಲಿನ ಚಳಿಯನ್ನು ಬೈದುಕೊಳ್ಳುತ್ತ ವಾಪಸು ಹೋದಳು. ನಾನು ಕರೋಲ್ ಬಾಗ್‌ನ ಒಂಟಿ ಕೋಣೆಗೂ ಸರ್ಕಾರಿ ಕಚೇರಿಯ ಗುಮಾಸ್ತೆ ಕೆಲಸಕ್ಕೂ ಮರಳಿದೆ. ಕೊಟ್ಟದ್ದರ ಬಗ್ಗೆ ಅಕ್ಕ ಒಂದು ಮಾತೂ ಆಡಿದವಳಲ್ಲ. ದಿನಾ ಸಂಜೆ ಫೋನ್ ಮಾಡಿ, "ಊಟಕ್ಕೆ ಏನ್ ಮಾಡ್ಕೊಂಡೆ?" ಎನ್ನುತ್ತಿದ್ದಳು. ಇಡೀ ದಿನದಲ್ಲಿ ನಾನು ಮನಸಾರೆ ಮಾತಾಡುತ್ತಿದ್ದದ್ದು ಆ ಹತ್ತು ನಿಮಿಷ ಮಾತ್ರ.

ಕಳೆದ ಚಳಿಗಾಲದಲ್ಲಿ ಊರಿಗೆ ಹೋಗಿದ್ದ ಸಹೋದ್ಯೋಗಿಯ ಕೈಲಿ ಅಕ್ಕ ಹಿತ್ತಲಿನ ಚಕ್ಕೋತ ಕಳಿಸಿದಳು, ಚೀಲದ ತುಂಬ. ದೆಹಲಿಯ ನಮ್ಮವರಲ್ಲಿ ಯಾರೇ ಊರಿಗೆ ಹೋದರೂ ಬರುವಾಗ ಇನ್ನೊಬ್ಬರ ಚೀಲ ಹೊರುವುದು ಇದ್ದದ್ದೇ. ಆಸ್ಪತ್ರೆಯ ಪಥ್ಯದ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ಕೂಡದು ಎಂದಿತ್ತು. ಆ ಪರದೇಶದ ಹಣ್ಣನ್ನು ನಾನು ಕಂಡೇ ಇರಲಿಲ್ಲ, ಇನ್ನು ತಿನ್ನುವ ಮಾತೆಲ್ಲಿ! ನಮ್ಮ ಚಕ್ಕೋತವೂ ಅದೇ ಜಾತಿಯದೆಂದು ನನಗೇನು ಗೊತ್ತು? ದಿನಕ್ಕೆ ಅರ್ಧ ಹಣ್ಣಿನಂತೆ, ಖಾರದ ಪುಡಿ ಉದುರಿಸಿಕೊಂಡು, ಮೂರು ವಾರ ತಿಂದೆ.

ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ನಾನು ನುಂಗುವ ಮಾತ್ರೆಯೊಂದಿದೆ. ಚಕ್ಕೋತ ತಿಂದದ್ದರಿಂದ ರಕ್ತದಲ್ಲಿ ಆ ಮಾತ್ರೆಯ ಔಷಧಿಯ ಮಟ್ಟ ಏರಿತ್ತು. ಕಾರಣ ತಿಳಿಯದ ಡಾಕ್ಟರು ಮಾತ್ರೆ ಕಡಿಮೆ ಮಾಡಿದರು. ಅಷ್ಟರಲ್ಲಿ ಹಣ್ಣು ಮುಗಿಯಿತು, ಮಟ್ಟ ಸರ್ರನೆ ಇಳಿಯಿತು, ಕಿಡ್ನಿ ಸೋಲುತ್ತಿದೆಯೆಂದು ತೋರಿಸುವ ಕ್ರಿಯಾಟಿನಿನ್ ಏರತೊಡಗಿತು. ಆಗ ಅವರು ಹೊಸದೊಂದು ರಕ್ತಪರೀಕ್ಷೆ ಬರೆದರು. ಕಿಡ್ನಿಗೆ ಪೆಟ್ಟು ಬಿದ್ದರೆ ಅದರ ಕೋಶಗಳು ಒಡೆದು, ಕೊಟ್ಟವರ ಡಿಎನ್‌ಎ ಚೂರುಗಳು ರಕ್ತಕ್ಕೆ ಬರುತ್ತವಂತೆ.

"ದೀದಿ ಕಾ ಡಿಎನ್‌ಎ ಜಿತ್ನಾ ಕಮ್, ಉತ್ನಾ ಅಚ್ಛಾ," ಎಂದರು ಡಾಕ್ಟರು. ಅಕ್ಕನ ಡಿಎನ್‌ಎ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದಂತೆ.

ನನ್ನ ರಕ್ತದಲ್ಲಿ ಅಕ್ಕ ಎಷ್ಟಿದ್ದಾಳೆಂದು ಅಳೆಯಬಹುದು ಎಂದು ಕೇಳಿ ಒಂದು ಕ್ಷಣ ಖುಷಿಯಾಯಿತು. ಎಂಥ ಪೆದ್ದಿ ನಾನು! ವರದಿಯಲ್ಲಿ ಅವಳು ಇರಬೇಕಾದ್ದಕ್ಕಿಂತ ಹೆಚ್ಚಿದ್ದಳು. ಬಯಾಪ್ಸಿಯೂ ಅದನ್ನೇ ಹೇಳಿತು: ನನ್ನ ದೇಹ ಕಿಡ್ನಿಯನ್ನು ತಿರಸ್ಕರಿಸತೊಡಗಿತ್ತು. ಮೂರು ದಿನ ಆಸ್ಪತ್ರೆಯಲ್ಲಿ ಮಲಗಿ ಸ್ಟೀರಾಯ್ಡ್ ಏರಿಸಿಕೊಂಡೆ. ಪಕ್ಕದ ಹಾಸಿಗೆಗಳ ಸುತ್ತ ಜನವೋ ಜನ. ನನ್ನ ಹಾಸಿಗೆಯ ಪಕ್ಕದ ಸ್ಟೂಲನ್ನು ಅವರೇ ಕೇಳಿ ತೆಗೆದುಕೊಂಡು ಹೋದರು.

ಏನು ತಿಂದಿರಿ ಎಂದು ಡಾಕ್ಟರು ಕೆದಕಿ ಕೆದಕಿ ಕೇಳಿದಾಗ ಚಕ್ಕೋತದ ವಿಷಯ ಹೊರಬಿತ್ತು. ಅವರು ಹಣೆ ಚಚ್ಚಿಕೊಂಡರು. ನನಗೆ ಅಕ್ಕನದೇ ಭಯ. ತಾನು ಕೊಟ್ಟ ಕಿಡ್ನಿಗೆ ತಾನೇ ಕಳಿಸಿದ ಹಣ್ಣು ಮುಳುವಾಯಿತೆಂದು ತಿಳಿದರೆ ಅವಳು ಬದುಕಿರುವಷ್ಟು ದಿನ ಕೊರಗುತ್ತಾಳೆ.

"ಕೆಲಸದ ಗಡಿಬಿಡೀಲಿ ಮಾತ್ರೆ ತಗೊಳ್ಳೋದು ಮರೆತುಬಿಟ್ಟೆ ಅಕ್ಕಾ, ನಾಲ್ಕೈದು ದಿನ," ಎಂದು ಸುಳ್ಳು ಹೇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನ್ ಇಟ್ಟಳು. ಮರುದಿನ ಸಂಜೆ ಫೋನ್ ಬರಲಿಲ್ಲ, ಆಮೇಲೂ ಬರಲಿಲ್ಲ. ಕೋಣೆಯಲ್ಲಿ ಕೂತು ಅತ್ತೆ. ಸುಳ್ಳು ನನ್ನದೇ, ಯಾರನ್ನು ದೂರಲಿ?

ಎರಡು ತಿಂಗಳಾದ ಮೇಲೆ ವರದಿ ಸರಿಯಾಗಿ ಬಂತು. ಕಿಡ್ನಿ ಉಳಿದಿತ್ತು. ಆಸ್ಪತ್ರೆಯ ಗೇಟಿನಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಇನ್ಮೇಲಾದ್ರೂ ಮಾತ್ರೆ ತಪ್ಪಿಸ್ಬೇಡ ಕಣೇ," ಎಂದಳು. "ಕೊಡೋಕೆ ನನ್ಹತ್ರ ಇನ್ನೊಂದಿಲ್ಲ."

"ತಪ್ಪಿಸಲ್ಲ ಅಕ್ಕಾ," ಎಂದೆ.